ನಾಗವೇಣಿ ಮೇಡಂ ಒಪ್ಪಿದ ಸಾರು

ಪಾರ್ಸೆಲ್ ಸಾರು ಬಂದ ಕೂಡಲೇ ನಾಗವೇಣಿ ಮೇಡಂ ಪ್ಲಾಸ್ಟಿಕ್ ಕವರನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಬೇಳೆ ಸಾರಿನಲ್ಲಿ ಬೆರೆತಿದೆಯೋ, ತಳಕ್ಕೆ ಕೂತಿದೆಯೋ ನೋಡಬೇಕು. ಆಮೇಲೆ ಗಂಟು ಬಿಚ್ಚಿ ವಾಸನೆ. ಕೊನೆಗೆ ಅಂಗೈ ಮೇಲೆ ಒಂದು ತೊಟ್ಟು. ಅಲ್ಲಿಯವರೆಗೂ ನಾವು ಯಾರೂ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಹಸಿವು ನಮ್ಮದಾದರೂ ಅಪ್ಪಣೆ ಅವರದು.

ಮುಳಬಾಗಿಲಿನಲ್ಲಿ ತರಕಾರಿ ಬೀಜ ಮಾರುವ ಕಂಪನಿಯೊಂದರ ಕಚೇರಿ ನಮ್ಮದು. ಮೇಡಂ ಅಕೌಂಟ್ಸ್ ನೋಡುತ್ತಿದ್ದರು. ನಾನು ಪಕ್ಕದ ಮೇಜಿನವಳು. ಬೆಳಗಿನ ಗಡಿಬಿಡಿಯಲ್ಲಿ ಅನ್ನ ಮಾಡಿ ತರುವುದೇ ಹೆಚ್ಚು ಎನ್ನುವವರು ನಾವೆಲ್ಲ, ಸಾರನ್ನು ಹೊರಗಿನಿಂದ ತರಿಸುತ್ತಿದ್ದೆವು. ಯಾವ ಮೆಸ್ಸಿನಿಂದ ಎನ್ನುವುದು ಮೇಡಂ ತೀರ್ಮಾನ.

"ಇದು ನಿನ್ನೆ ಸಾರು, ಒಗ್ಗರಣೆ ಮಾತ್ರ ಇವತ್ತಿಂದು" ಎನ್ನುತ್ತಿದ್ದರು. ಸಾರು ಕೆಂಪೇರಿದ್ದರೆ, "ಮಾರ್ಕೆಟ್ಟಲ್ಲಿ ಟೊಮ್ಯಾಟೊ ರೇಟು ಬಿದ್ದಿದೆ ಕಣೇ" ಎಂದು ಕವರನ್ನು ನನ್ನತ್ತ ತಳ್ಳುತ್ತಿದ್ದರು. ತೀರಾ ಬೇಸರವಾದರೆ ತೆಲುಗಿಗೆ ಹೊರಳಿ, "ನೀಳ್ಳು" ಎಂದುಬಿಡುತ್ತಿದ್ದರು. ನೀರು ಎಂದಷ್ಟೇ ಅರ್ಥ. ಆದರೆ ಆ ಮಾತು ಬಿದ್ದ ಮೆಸ್ಸಿನ ಸಾರು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಮೆಚ್ಚಿದರೆ "ಹೂಂ, ಬಡಿಸಿ" ಅಷ್ಟೇ.

ನಮ್ಮ ಬೀದಿಯ ಕೊನೆಯಲ್ಲಿ ಮುನಿರತ್ನಮ್ಮ ಎಂಬಾಕೆ ಹೊಸದಾಗಿ ಅನ್ನ ಸಾರಿನ ಅಂಗಡಿ ಇಟ್ಟರು. ಲಾರಿ ಓಡಿಸುತ್ತಿದ್ದ ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಆಕೆಯ ಮೊದಲ ಪಾರ್ಸೆಲ್ಲಿಗೇ ಮೇಡಂ "ನೀಳ್ಳು" ಎಂದರು. ನಮ್ಮಲ್ಲಿ ಯಾರೋ ಅದನ್ನು ಅಕ್ಕಪಕ್ಕದ ಅಂಗಡಿಗಳಿಗೂ ಮುಟ್ಟಿಸಿದರು. ಕೆಲವೇ ದಿನಗಳಲ್ಲಿ ಮುನಿರತ್ನಮ್ಮ ಮೇಡಂ ಮೇಜಿನೆದುರು ಬಂದು ನಿಂತರು.

"ಬೀದಿಯೆಲ್ಲಾ ನನ್ನ ಸಾರು ನೀರು ಅಂತಾವ್ರೆ. ಏನಾಗಿದೆ ಮೇಡಂ ಅದ್ಕೆ?"

"ಬೇಳೆ ಬೆಂದಿಲ್ಲ. ಹುಣಸೆಹುಳಿ ಹಸಿ ವಾಸನೆ."

"ಹಂಗಾದ್ರೆ ಬಂದು ಮಾಡಿ ತೋರ್ಸಿ. ನೀವ್ ಮಾಡ್ದಂಗೇ ಮಾಡ್ತೀನಿ."

ಇಡೀ ಕಚೇರಿ ನೋಡುತ್ತಿದ್ದಾಗ ಮೇಡಂ ಆಗಲ್ಲ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಬೇಳೆಯ ಜೊತೆಗೇ ಹುಣಸೆರಸವನ್ನೂ ಸುರಿದಾಗ ನನಗೆ ಅನುಮಾನ ಬಂತು. ಹುಳಿ ಬಿದ್ದ ಬೇಳೆ ಬೇಯುವುದುಂಟೇ? ಮುನಿರತ್ನಮ್ಮ ನನ್ನ ಮುಖ ನೋಡಿದರು, ತಡೆಯಲಿಲ್ಲ.

ಎಷ್ಟು ಕುದಿಸಿದರೂ ಬೇಳೆ ಕಾಳಾಗಿಯೇ ಉಳಿಯಿತು. ಮೇಡಂ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು. ಸೌಟನ್ನು ಪಕ್ಕಕ್ಕಿಟ್ಟು, "ನೀಳ್ಳು" ಎಂದರು.

ನಾನು ನೆಲ ನೋಡುತ್ತಾ ನಿಂತೆ.

"ನಾನು ಅಡುಗೆ ಮಾಡಿದೋಳೇ ಅಲ್ಲ ಮುನಿರತ್ನಮ್ಮ," ಎಂದರು. "ಮೊದಲು ಅಮ್ಮ, ಆಮೇಲೆ ನಮ್ಮತ್ತೆ. ಒಲೆ ಹತ್ರ ನನ್ನನ್ನ ಬಿಟ್ಟೋರೇ ಇಲ್ಲ. ನನಗೆ ತಿನ್ನೋಕೆ ಮಾತ್ರ ಬರುತ್ತೆ."

ಮುನಿರತ್ನಮ್ಮ ಪಾತ್ರೆ ಕೆಳಗಿಳಿಸುತ್ತಾ ನಕ್ಕರು. "ನೀವು ತಿಂದು ಹೇಳಿ ಬಿಡಿ. ನಾನು ಮಾಡ್ತೀನಿ."

ಅಂದಿನಿಂದ ಕಚೇರಿಗೆ ಬರುವ ದಾರಿಯಲ್ಲಿ ಮೇಡಂ ಅಲ್ಲಿ ನಿಂತು ರುಚಿ ನೋಡತೊಡಗಿದರು. ಉಪ್ಪು, ಹುಳಿ, ಬೇಳೆ ಒಂದೊಂದಾಗಿ ಹದಕ್ಕೆ ಬಂದವು. ಮಧ್ಯಾಹ್ನ ಅಂಗಡಿಯ ಮುಂದೆ ಬೈಕುಗಳು ಸಾಲಾಗಿ ನಿಲ್ಲುವಂತಾಯಿತು. ಇಷ್ಟಾದರೂ, ಬೆಳಿಗ್ಗೆ ತಾವೇ ಒಪ್ಪಿ ಬಂದ ಸಾರನ್ನು ಮಧ್ಯಾಹ್ನ ಮತ್ತೆ ಬೆಳಕಿಗೆ ಹಿಡಿದು, ಮೂಸಿ, ನಮ್ಮನ್ನು ಕಾಯಿಸಿಯೇ ಮೇಡಂ "ಹೂಂ, ಬಡಿಸಿ" ಎನ್ನುತ್ತಿದ್ದರು.

ನಿವೃತ್ತಿಯ ನಂತರ ಶ್ರೀನಿವಾಸಪುರದ ಮಗನ ಮನೆಗೆ ಹೋದರು. ಒಂದು ಭಾನುವಾರ ನೋಡಲು ಹೋಗಿದ್ದೆ. ಶಾಲೆಯಲ್ಲಿ ಟೀಚರಾಗಿರುವ ಸೊಸೆ ಊಟಕ್ಕೆ ಬಡಿಸಿದಳು. ತಟ್ಟೆಯಲ್ಲಿ ಸಾರು ಒಂದು ಕಡೆ ಹರಿಯಿತು, ಬೇಳೆ ಒಂದು ಕಡೆ ನಿಂತಿತು. ನಾನು ತುತ್ತು ಎತ್ತದೆ ಮೇಡಂ ಮುಖ ನೋಡಿದೆ.

"ಸಾರು ಹೇಗಿದೆ ಅತ್ತೆ?" ಸೊಸೆ ಕೇಳಿದಳು.

"ಚೆನ್ನಾಗಿದೆ ಕಣಮ್ಮ. ಇನ್ನೊಂದು ಸೌಟು ಹಾಕು."

ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದರು. ಅದೇ ನಮ್ಮ ಕೊನೆಯ ಭೇಟಿಯಾಯಿತು. ದಾರಿಯುದ್ದಕ್ಕೂ ಕಚೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದರೇ ಹೊರತು ಊಟದ ಮಾತು ತೆಗೆಯಲಿಲ್ಲ. ನಾನು ಬಸ್ಸು ಹತ್ತಿ ಕೂತ ಮೇಲೆ ಮೇಡಂ ಕಿಟಕಿಯ ಹತ್ತಿರ ಬಂದರು.

"ಮುಂದಿನ ಸಲ ಬರುವಾಗ ಮುನಿರತ್ನಮ್ಮನ ಹತ್ರ ಒಂದು ಪಾರ್ಸೆಲ್ ಕಟ್ಟಿಸ್ಕೊಂಡು ಬಾರೇ," ಎಂದು ದನಿ ತಗ್ಗಿಸಿದರು. "ಭಾನುವಾರ ಬೇಡ. ಅವಳು ಸ್ಕೂಲಿಗೆ ಹೋಗಿರೋ ದಿನ ಬಾ."