ಬೂದೆಪ್ಪನ ಟೆಸ್ಟರ್

ವೈರ್‌ಮನ್ ಬೂದೆಪ್ಪನ ಬಗ್ಗೆ ಬರೆಯಲು ನನ್ನಷ್ಟು ಯೋಗ್ಯತೆಯಿಲ್ಲದವನು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬನಿರಲಾರ. ಆದರೂ ಬರೆಯುತ್ತಿದ್ದೇನೆ. ಅವನ ಹೆಸರು ಕೆಡಿಸಿದವನು ನಾನೇ, ಅದಕ್ಕೆ.

ಅವನದು ಯಾದಗಿರಿ ಕಡೆಯ ಹಳ್ಳಿ. ಹೆಂಡತಿ ಗಂಗಾಬಾಯಿಯನ್ನು ಕರೆದುಕೊಂಡು ಕಟ್ಟಡದ ಕೆಲಸಕ್ಕೆ ಬಂದವನು ಮೊದಲ ಐದು ವರ್ಷ ಇಟ್ಟಿಗೆ ಹೊತ್ತ. ಆಮೇಲೆ ಗೋಡೆ ಕೊರೆದು ಪೈಪು ಕೂರಿಸುವ ಕೆಲಸ ಸಿಕ್ಕಿತು. ವೈರಿಂಗ್ ಮಾಡುವವರ ಕೈ ನೋಡುತ್ತ ನೋಡುತ್ತ ಆ ಕೆಲಸವನ್ನೂ ಕಲಿತ. ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್, ಕರೆಂಟ್ ತಗುಲಿದರೆ ಹಿಡಿಯಲ್ಲಿ ಸಣ್ಣ ದೀಪ ಮಿನುಗುವಂಥದ್ದು. ಯಾವ ತಂತಿಗಾದರೂ ಕೈ ಹಾಕುವ ಮೊದಲು ಅದನ್ನು ಕರೆಂಟ್ ಇರುವ ಪ್ಲಗ್ಗಿಗೆ ಚುಚ್ಚಿ, ಮಿನುಗುತ್ತದೋ ಇಲ್ಲವೋ ನೋಡುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದೆ.

“ಟೆಸ್ಟರ್ ಸತ್ತಿದ್ರ ನಾವೂ ಸಾಯ್ತೀವ್ರಿ ಮಾಸ್ತರ್ರ,” ಅಂದಿದ್ದ.

ಮಾಸ್ತರ ಅಂದರೆ ನಾನು, ಮಿಲಿಂದ. ನಾರಾಯಣಗೂಡದ ಒಂದು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಹತ್ತನೇ ತರಗತಿಯ ವಿದ್ಯುತ್ ಪಾಠ ನನಗೆ ಬಾಯಿಪಾಠ. ಒಂದು ಸೆಲ್, ಒಂದು ಸ್ವಿಚ್, ಒಂದು ಬಲ್ಬ್, ಮೂರನ್ನೂ ಕೂಡಿಸುವ ತಂತಿ. ಸುತ್ತು ಪೂರ್ತಿಯಾದರೆ ಕರೆಂಟ್ ಹರಿಯುತ್ತದೆ, ಎಲ್ಲಿ ತುಂಡಾದರೂ ನಿಲ್ಲುತ್ತದೆ. ಆದ್ದರಿಂದ ಸ್ವಿಚ್ಚನ್ನು ಬಲ್ಬಿನ ಈ ಕಡೆ ಹಾಕಿದರೂ ಅಷ್ಟೇ, ಆ ಕಡೆ ಹಾಕಿದರೂ ಅಷ್ಟೇ. ಇದು ಸುಳ್ಳಲ್ಲ. ಸೆಲ್ಲಿನ ಮಟ್ಟಿಗೆ ಸುಳ್ಳಲ್ಲ.

ಎರಡು ವರ್ಷದ ಹಿಂದೆ ಮಲ್ಕಾಜ್‌ಗಿರಿಯ ನಮ್ಮ ಹಳೇ ಫ್ಲ್ಯಾಟಿನ ವೈರಿಂಗ್ ಬದಲಿಸಲು ಬೂದೆಪ್ಪನನ್ನು ಕರೆದೆ. ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಿಗೂ ಅವನೇ ವೈರ್‌ಮನ್. ಕೋಣೆಗಳನ್ನೆಲ್ಲ ಮುಗಿಸಿ ಕೊನೆಗೆ ಬಟ್ಟೆ ಒಗೆಯುವ ಹಿಂದಿನ ಬಾಲ್ಕನಿಗೆ ಬಂದ. ಅಲ್ಲಿ ಬಿಲ್ಡರ್ ಕಾಲದ ಎರಡು ತಂತಿಗಳು ಬಣ್ಣ ಹೋಗಿ ಒಂದೇ ಥರ ಕಾಣುತ್ತಿದ್ದವು. ಟೆಸ್ಟರ್ ಹಚ್ಚಿ ಕರೆಂಟ್ ತರುವ ಫೇಸ್ ಯಾವುದು, ವಾಪಸು ಒಯ್ಯುವ ನ್ಯೂಟ್ರಲ್ ಯಾವುದು ಎಂದು ನೋಡಿದ. ಸ್ವಿಚ್ಚಿಗೆ ಬಂದಿರುವುದು ನ್ಯೂಟ್ರಲ್, ಫೇಸ್ ತರಬೇಕಾದರೆ ಗೋಡೆ ಮತ್ತೆ ಕೊರೆಯಬೇಕು ಅಂದ.

ನಾಲ್ಕು ದಿನದಿಂದ ಮನೆ ತುಂಬ ಧೂಳು. ನನಗೆ ರೇಗಿಹೋಯಿತು.

“ಯಾವ ತಂತಿಗೆ ಸ್ವಿಚ್ ಹಾಕಿದ್ರೇನು? ದೀಪ ಆರ್ತದ ಇಲ್ಲೋ?”

“ದೀಪ ಆರ್ತೈತ್ರಿ. ಹೋಲ್ಡರ್‌ನಾಗ ಕರೆಂಟ್ ಹಂಗ ಉಳಿತೈತ್ರಿ.”

“ಸುತ್ತು ತುಂಡಾದ ಮ್ಯಾಲೆ ಕರೆಂಟ್ ಎಲ್ಲಿಂದ ಬರ್ತದೋ?” ಎಂದು ಪೆನ್ಸಿಲ್ ತೆಗೆದು ಗೋಡೆಯ ಮೇಲೇ ಸೆಲ್, ಸ್ವಿಚ್, ಬಲ್ಬ್ ಬರೆದು ತೋರಿಸಿದೆ. ಕೆಲಸ ನೋಡಲು ಬಂದಿದ್ದ ಅಮರಯ್ಯನವರು ನಕ್ಕರು. ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ.

“ಏನೋ ಬೂದೆಪ್ಪಾ, ಮಾಸ್ತರಿಗೇ ಪಾಠ ಹೇಳಾಕತ್ತಿ?”

ಬೂದೆಪ್ಪ ನಗಲಿಲ್ಲ. ಚಿತ್ರವನ್ನೇ ಬಹಳ ಹೊತ್ತು ನೋಡಿ, “ಇದರಾಗ ನೆಲ ಎಲ್ಲೈತ್ರಿ?” ಎಂದು ಕೇಳಿದ. ನಾವಿಬ್ಬರೂ ಇನ್ನಷ್ಟು ಜೋರಾಗಿ ನಕ್ಕೆವು. ಅಮರಯ್ಯನವರು ಹೋದ ಮೇಲೆ, ಇದೊಂದು ದೀಪ ನಾನೇ ನೋಡಿಕೊಳ್ಳುತ್ತೇನೆ, ನೀನು ನಡಿ ಅಂದೆ. ಅವನು ತಂತಿಯ ತುದಿಗಳಿಗೆ ಜಾಗ್ರತೆಯಿಂದ ಟೇಪ್ ಸುತ್ತಿ ಹೋದ.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಮೇನ್ ಸ್ವಿಚ್ ಆರಿಸಿ ನಾನೇ ಜೋಡಿಸಿದೆ. ದೀಪ ಹತ್ತಿತು, ಆರಿತು. ಆರಿದ ಮೇಲೂ ಎಲ್‌ಇಡಿ ಬಲ್ಬು ಸಣ್ಣಗೆ ಮಿಣುಕುತ್ತಿತ್ತು. ನನ್ನ ತಾಯಿ ಕೃಷ್ಣಾಬಾಯಿ ಅದನ್ನು ನೋಡಿ ಕೇಳಿದಳು. “ಈ ಬಲ್ಬ್ ಹಂಗ ಇರ್ತಾವ ಆಯಿ,” ಅಂದೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಬಂದೇ ಇಲ್ಲ ನೋಡಿ.

ಹೋದ ವರ್ಷದ ದಸರೆ. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಮನೆಯ ಒಂದು ಮೂಲೆಯೂ ತೊಳೆಯದೆ ಉಳಿಯಬಾರದು. ಎಪ್ಪತ್ತೆರಡರ ಆಯಿ ಬಾಲ್ಕನಿ ತೊಳೆದು, ಸ್ವಿಚ್ ಆರಿಸಿ, ಬಲ್ಬು ಬಿಚ್ಚಿ ಸ್ಟೂಲಿನ ಮೇಲಿಟ್ಟಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತೇ, ಗೋಡೆಯ ಹೋಲ್ಡರಿಗೆ ಒದ್ದೆ ಬಟ್ಟೆ ಹಾಕಿ ಒರೆಸಿದಳು. ನಾನು ಕೇಳಿದ್ದು ಒಂದು ಕೂಗು. ಓಡಿ ಹೋಗುವಷ್ಟರಲ್ಲಿ ಬಿದ್ದಿದ್ದಳು. ಬೆರಳು ಸುಟ್ಟಿದ್ದವು, ಮಣಿಕಟ್ಟು ಮುರಿದಿತ್ತು. ಜೀವ ಉಳಿಯಿತು.

ಆಸ್ಪತ್ರೆಯಲ್ಲಿ ಅಮರಯ್ಯನವರು ಕೇಳಿದರು, “ನಿಮ್ಮನೀ ವೈರಿಂಗ್ ಬೂದೆಪ್ಪನ ಮಾಡಿದ್ದಲ್ಲೇನು?”

“ಹೌದ್ರಿ, ಬೂದೆಪ್ಪ,” ಅಂದೆ ನಾನು. ಅಷ್ಟೇ ಅಂದೆ. ಮುಂದಿನದನ್ನು ನುಂಗಿಕೊಂಡೆ.

ಮೂರನೇ ದಿನ, ಆಯಿ ಮನೆಗೆ ಬಂದ ಮೇಲೆ, ಅಮರಯ್ಯನವರು ಬೂದೆಪ್ಪನನ್ನು ಕರೆಸಿದರು. ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ಅವನು ಎಂದಿನಂತೆ ಮೊದಲು ಪ್ಲಗ್ಗಿನಲ್ಲಿ ಟೆಸ್ಟರ್ ನೋಡಿ, ಆಮೇಲೆ ಬಾಲ್ಕನಿಯ ಸ್ವಿಚ್ ಆರಿಸಿ ಹೋಲ್ಡರಿಗೆ ಚುಚ್ಚಿದ. ಟೆಸ್ಟರ್ ಮಿನುಗಿತು. ಆ ಗಳಿಗೆಯಲ್ಲಿ ನನಗೆ ಎಲ್ಲ ಅರ್ಥವಾಯಿತು. ಮನೆಗೆ ಬರುವ ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಕೂಡಿಸಿರುತ್ತಾರೆ. ಹಾಗಾಗಿ ನೆಲವೂ ಸುತ್ತಿನ ಒಂದು ಭಾಗ. ಸ್ವಿಚ್ ನ್ಯೂಟ್ರಲ್ಲನ್ನು ಕಡಿದರೆ ದೀಪವೇನೋ ಆರುತ್ತದೆ, ಫೇಸ್ ಮಾತ್ರ ಹೋಲ್ಡರಿನಲ್ಲೇ ಕಾದು ಕೂತಿರುತ್ತದೆ. ನೆಲದ ಮೇಲೆ ನಿಂತು ಅದನ್ನು ಮುಟ್ಟಿದವರ ಮೈಯೇ ಸುತ್ತನ್ನು ಪೂರ್ತಿ ಮಾಡುತ್ತದೆ. ಇಟ್ಟಿಗೆ ಹೊತ್ತವನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದು ಇದನ್ನೇ.

ಬೂದೆಪ್ಪ ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿನ ಪೆನ್ಸಿಲ್ ಚಿತ್ರ ನೋಡಿದ. ಅಮರಯ್ಯನವರು ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದರು. ನಾನು ಬಾಯಿ ಬಿಡಲಿಲ್ಲ.

“ತಪ್ಪಾಗೈತ್ರಿ, ಸರಿ ಮಾಡ್ತೀನ್ರಿ,” ಅಂದ ಬೂದೆಪ್ಪ. ಯಾರ ತಪ್ಪು ಅನ್ನಲಿಲ್ಲ. ಗೋಡೆ ಕೊರೆದು ತಂತಿ ತಿರುಗಿಸಿಕೊಟ್ಟ. ಹೋಗುವಾಗ ಆಯಿಯ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಏನಂದನೋ ಬಾಲ್ಕನಿಯಲ್ಲಿದ್ದ ನನಗೆ ಕೇಳಲಿಲ್ಲ.

ಆಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಅವನನ್ನು ಕರೆಯಲಿಲ್ಲ. ಪಕ್ಕದ ಎರಡು ಕಟ್ಟಡಗಳಿಗೂ ಸುದ್ದಿ ಮುಟ್ಟಿತು. ಈಗ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಹೊರುತ್ತಿದ್ದಾನೆ ಎಂದು ವಾಚ್‌ಮನ್ ಹೇಳಿದ. ಕೇಳಿಸಿಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ನಾಚಿಕೆಯಾಗಲಿಲ್ಲವೇ ಅಂದರೆ, ಆಗಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮೂರು ತಿಂಗಳು ಓಡಾಡಿದೆ.

ಜನವರಿಯಲ್ಲಿ ವಿದ್ಯುತ್ ಪಾಠ ಬಂತು. ಬೋರ್ಡಿನ ಮೇಲೆ ಸೆಲ್, ಸ್ವಿಚ್, ಬಲ್ಬ್ ಬರೆದೆ. ಮೊದಲ ಬೆಂಚಿನ ದೀಪ್ತಿ ಎದ್ದು ನಿಂತು, ಮನೆಯ ಸ್ವಿಚ್ಚನ್ನೂ ಎಲ್ಲಿ ಬೇಕಾದರೂ ಹಾಕಬಹುದಾ ಸರ್ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾಳಿದ್ದು ಹೇಳುತ್ತೇನೆ ಅಂದೆ. 

ಮರುದಿನ ಭಾನುವಾರ. ವಿಳಾಸ ಹುಡುಕಿ ಬಾಲಾನಗರಕ್ಕೆ ಹೋದೆ. ಬೂದೆಪ್ಪನ ಹೆಗಲ ಮೇಲೆ ಕಬ್ಬಿಣ ಹೊತ್ತ ಗಾಯವಿತ್ತು. ಗಂಗಾಬಾಯಿ ನನ್ನನ್ನು ನೋಡಿ ಒಳಗೆ ಹೋದಳು, ಆದರೂ ಚಹಾ ಕಳಿಸಿದಳು. ನಿಂತೇ ಹೇಳಿದೆ, “ತಪ್ಪು ನಂದು ಬೂದೆಪ್ಪಾ. ನೀ ಅವತ್ತ ಯಾಕ ಹೇಳಲಿಲ್ಲ?”

“ಬಾಯಾರು ಒಳಗ ನರಳಾಕತ್ತಿದ್ರು. ನಿಮ್ಮ ಮಗಾನ ಮಾಡ್ಯಾನ್ರಿ ಅಂತ ಆ ಹೊತ್ನಾಗ ಹೆಂಗ ಹೇಳ್ಲಿ? ನೀವ ಹೇಳ್ತೀರಂತ ತಿಳ್ಕೊಂಡಿದ್ದೆ.” ಆಮೇಲೆ ಕೇಳಿದ, “ಸಾಲ್ಯಾಗ ಹುಡುಗ್ರಿಗೆ ನೆಲದ ಮಾತು ಹೇಳೀರೇನ್ರಿ?”

“ನಾಳೆ ಹೇಳ್ತೀನಿ,” ಅಂದೆ. 

ಸೋಮವಾರ ಬೋರ್ಡಿನ ಮೇಲೆ ಮನೆಯ ಸುತ್ತು ಬರೆದೆ. ಫೇಸಿನ ಮೇಲೆ ಸ್ವಿಚ್ ಹಾಕಿ, ಕೆಳಗೆ ದಪ್ಪಗೆ ನೆಲದ ಗೆರೆ ಎಳೆದೆ. ಆಯಿಗೆ ಶಾಕ್ ಹೊಡೆದದ್ದನ್ನು ಹೇಳಿದೆ. ದೀಪ್ತಿ ಕೇಳಿದಳು, ತಂತಿ ತಪ್ಪು ಜೋಡಿಸಿದ್ದು ಯಾರು ಸರ್? “ನಾನೇ,” ಅಂದೆ. 

ಅಂದು ಸಂಜೆ ಅಮರಯ್ಯನವರನ್ನು ಮನೆಗೆ ಕರೆದು, ಅವರೆದುರೇ ಆಯಿಗೂ ಎಲ್ಲ ಹೇಳಿದೆ. ಅಮರಯ್ಯನವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಆಯಿ ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

“ಅವತ್ತ ಅಂವಾ ಬಾಗಲದಾಗ ನಿಂತು, ‘ಬಾಯಾರ, ಕೈ ಭಾಳ ನೋಯಾಕತ್ತೈತೇನ್ರಿ?’ ಅಂತ ಕೇಳಿದ್ದ. ನಾ ಗ್ವಾಡಿ ಕಡೆ ಮಾರಿ ತಿರುಗಿಸಿದೆ. ಹೊರಗ ನೀ ಇದ್ದೆಲ್ಲೋ ಮಿಲಿಂದಾ, ಒಂದು ಮಾತು ಅನಬಾರದಿತ್ತೇನು?”

ಎದ್ದು ಸೆರಗು ಹೊದ್ದಳು. ಈಗಲೇ ಬಾಲಾನಗರಕ್ಕೆ ಹೋಗಬೇಕು, ಅಮರಯ್ಯನವರೂ ಬರಬೇಕು ಅಂದಳು. ನಮ್ಮಲ್ಲಿ ಲಿಫ್ಟ್ ಇಲ್ಲ. ಮಣಿಕಟ್ಟು ಮುರಿದಂದಿನಿಂದ ಆಯಿ ಮೆಟ್ಟಿಲಿಳಿಯುವುದು ನನ್ನ ಕೈ ಹಿಡಿದೇ. ರೂಢಿಯಂತೆ ಕೈ ಚಾಚಿದೆ. ಅವಳು ಅದನ್ನು ನೋಡಿದಳು, ನೋಡಿ, ಆ ಸೊಟ್ಟಗಾದ ಕೈಯಿಂದಲೇ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.