ಎರಡಕ್ಷರದ ಹೆಸರಿನ ದರ

ನನ್ನ ಗಂಡ ಕೆಲಸ ಮಾಡುತ್ತಿದ್ದ ಫೌಂಡ್ರಿ ಮುಚ್ಚಿ ತಿಂಗಳುಗಳಾಗಿದ್ದವು. ರಾಮತೀರ್ಥ ನಗರದಲ್ಲಿ ಬಾಡಿಗೆಗಿದ್ದೆವು. ಬಾಡಿಗೆ ಬಾಕಿ ಬಿದ್ದು, ಮನೆಯ ಮಾಲೀಕರ ದನಿ ಕೇಳಿದರೆ ನಾನು ಬಾಗಿಲ ಮರೆಗೆ ಸರಿಯುತ್ತಿದ್ದೆ. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ಪೆನ್ನಿನಂತೆ ಹಿಡಿಯುವ ಸಣ್ಣ ಕರೆಂಟ್ ಮಷಿನ್ ಅದು, ಹವ್ಯಾಸಕ್ಕೆಂದು ಕೊಂಡದ್ದು. ಓಣಿಯವರ ಡಬ್ಬಿ, ತಂಬಿಗೆಗಳ ಮೇಲೆ ಬಳ್ಳಿ ಬಿಡಿಸಿ ಹೆಸರು ಹಾಕಿಕೊಡುತ್ತಿದ್ದೆ. ಅವರು ಕೊಟ್ಟ ಚಹಾ ಕುಡಿದು ಬರುತ್ತಿದ್ದೆನೇ ಹೊರತು ದುಡ್ಡು ಮುಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಖಾನಾಪುರದ ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ಮಗಳ ಮದುವೆಗೆ ಕೊಡುವ ಪಾತ್ರೆಗಳ ಮೇಲೆಲ್ಲ ಅವಳ ಹೆಸರು ಬೇಕಿತ್ತು. ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಖಾಸಬಾಗದ ಭಾಂಡೆ-ಪಾತ್ರೆಗಳ ಅಂಗಡಿಯಲ್ಲಿ ಅಕ್ಷರದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದರು. ಅಷ್ಟೇ ಹೇಳಿದರೆ ಇವರು ಅಂಗಡಿಗೇ ಹೋದಾರು ಎಂಬ ಹೆದರಿಕೆ ನನಗೆ.

“ಒಂದ ಭಾಂಡೆಕ್ಕ ಎರಡು ರೂಪಾಯಿ ಕೊಡ್ರಿ,” ಎಂದೆ.

ಅಕ್ಷರ ಎಷ್ಟೆಂದು ನೋಡಲಿಲ್ಲ, ಅವರೂರಿಗೆ ಹೋಗಿಬರುವ ಬಸ್ ಚಾರ್ಜನ್ನೂ ಸೇರಿಸಲಿಲ್ಲ. ಅವರು ಅಲ್ಲೇ ಒಪ್ಪಿಬಿಟ್ಟರು. ಅಷ್ಟು ಬೇಗ ಒಪ್ಪಿದ್ದು ಕಂಡೇ, ಕಡಿಮೆ ಹೇಳಿಬಿಟ್ಟೆ ಎಂದು ಗೊತ್ತಾಯಿತು.

ಮದುವೆಗೆ ಮೊದಲು ನಾನೇ ಮಷಿನ್ ಹಿಡಿದುಕೊಂಡು ಖಾನಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಪಾತ್ರೆಗಳನ್ನು ಹರಡಿ ಕೂತೆ. ಹುಡುಗಿಯದು ಎರಡಕ್ಷರದ ಹೆಸರು, ಕೈ ಸರಾಗವಾಗಿ ಓಡಿತು. ಅರ್ಧ ಮುಗಿಯುವಷ್ಟರಲ್ಲಿ ಬೀಗರ ಮನೆಯಿಂದ ಫೋನ್ ಬಂತು. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಸೊಸೆಯ ಹೆಸರು ಬದಲಿಸುತ್ತಾರಂತೆ. ಹೊಸದು ಐದಕ್ಷರದ್ದು. ಆ ತಾಯಿ ನನ್ನೆದುರು ಬಂದು ಕೂತು, ಹಾಕಿದ್ದನ್ನೆಲ್ಲ ಅಳಿಸಿ ಹೊಸ ಹೆಸರು ಹಾಕಿಕೊಡಿ ಎಂದರು. ಒಮ್ಮೆ ಕೊರೆದದ್ದು ಅಳಿಸಲು ಬರುವುದಿಲ್ಲ, ತಿಕ್ಕಿ ತೆಗೆದರೆ ಪಾತ್ರೆಯ ಹೊಳಪೇ ಹೋಗುತ್ತದೆ ಎಂದು ಹೇಳಿದೆ. ಹೆಸರೂ ಉದ್ದವಾಯಿತು, ದುಡಿಮೆ ಹೆಚ್ಚಾಗುತ್ತದೆ ಎಂದೂ ಮೆಲ್ಲಗೆ ಸೇರಿಸಿದೆ.

“ಭಾಂಡೆಕ್ಕ ಎರಡು ಅಂತ ನೀವ ಹೇಳೀರಿ,” ಎಂದರು ಅವರು. “ಹೆಸರು ಉದ್ದ ಆದ್ರ ನಾ ಏನ್ ಮಾಡ್ಲಿ?”

ಅವರು ಜಗಳದ ದನಿಯಲ್ಲಿ ಹೇಳಲಿಲ್ಲ. ಬೀಗರ ಹೆದರಿಕೆಗೆ ಫೋನನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಅಳಿಸಲಾಗದ ಕೆಲಸಕ್ಕೆ ಇವರು ದುಡ್ಡು ಕೊಡುವುದಿಲ್ಲ, ಬರಿಗೈಲೇ ವಾಪಸ್ಸು ಎಂದು ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು.

ಒಳಗೆ ಸೀರೆ ಮಡಚುತ್ತಿದ್ದ ಮದುಮಗಳು ಹೊರಗೆ ಬಂದಳು. ಒಂದು ತಂಬಿಗೆ ಎತ್ತಿಕೊಂಡು, ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

“ಅವ್ವಾ, ಅವರು ಏನರ ಕರೀಲಿ. ಈ ಭಾಂಡೆ ಮ್ಯಾಲ ನನ್ನ ಹೆಸರ ಇರಲಿ.”

ಬೀಗರು ಏನೆಂದಾರು, ಎಲ್ಲರೆದುರು ಎತ್ತಿ ಆಡಿದರೆ ಏನು ಗತಿ ಎಂದು ತಾಯಿ ಕಣ್ಣೀರು ಹಾಕಿದರು. ಹುಡುಗಿ ನನ್ನ ಮಷಿನ್ ಸಿಕ್ಕಿಸಿದ್ದ ಗೋಡೆಯ ಸ್ವಿಚ್ ತಾನೇ ಒತ್ತಿ, “ಹಾಕ್ರಿ ಅಕ್ಕಾ,” ಎಂದಳು. ತಾಯಿ ಒಪ್ಪದೆಯೇ ಎದ್ದು ಒಳಗೆ ಹೋದರು.

ಉಳಿದವುಗಳ ಮೇಲೂ ಅದೇ ಹೆಸರು ಕೊರೆಯುತ್ತ ಕೂತೆ. ಬೆರಳು ಜೋಮು ಹಿಡಿದವು. ಇದು ಪುಕ್ಕಟೆಯೋ, ಇದೂ ಪುಕ್ಕಟೆಯೋ ಎಂದುಕೊಂಡೇ ಒಂದೊಂದು ತಾಟು ಕೆಳಗಿಟ್ಟೆ. ಸಂಜೆ ತಾಯಿ ಬಂದು ಒಪ್ಪಿಕೊಂಡಷ್ಟನ್ನೂ ಕೊಟ್ಟರು.

“ಬೀಗರು ಕೇಳಿದ್ರ, ಫೋನ್ ಬರೂಕಿಂತ ಮೊದಲ ಹಾಕಿಸಿದ್ವಿ ಅಂತೀನಿ,” ಎಂದರು, ನನ್ನ ಮುಖ ನೋಡದೆ.

ಬಸ್ಸಿನ ದುಡ್ಡು ಕೇಳದೆಯೇ ಮಷಿನ್ ಎತ್ತಿಕೊಂಡು ಹೊರಟೆ. ತಂದದ್ದನ್ನು ಮರುದಿನವೇ ಮನೆಯ ಮಾಲೀಕರಿಗೆ ಕೊಟ್ಟೆ. ಅದು ಹಳೆಯ ಬಾಕಿಯ ಒಂದು ಮೂಲೆಗೂ ಸಾಲಲಿಲ್ಲ. ಕೆಲವು ದಿನಗಳಾದ ಮೇಲೆ ಮತ್ತೊಬ್ಬ ಹೆಂಗಸು ಎರಡು ಡಬ್ಬಿ ತಂದಳು. ಈ ಸಲ ಅಕ್ಷರದ ಲೆಕ್ಕದಲ್ಲೇ ದರ ಹೇಳಿದೆ. ಅವಳು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಓಡಿಹೋಗಿ, ನಿಮಗೆ ತಿಳಿದಷ್ಟು ಕೊಡಿ ಎನ್ನಬೇಕೆನಿಸಿತು. ಬಾಗಿಲಲ್ಲೇ ನಿಂತು ಅವಳು ಓಣಿ ತಿರುಗುವುದನ್ನು ನೋಡಿದೆ.

ಬಾಕಿ ತೀರಿಸಲಾಗದೆ, ಮಳೆ ಹಿಡಿಯುವ ಮೊದಲು ಆ ಬಾಡಿಗೆ ಮನೆ ಖಾಲಿ ಮಾಡಿದೆವು. ಶಿವಬಸವ ನಗರದಲ್ಲಿ ನನ್ನ ಅಣ್ಣನ ಮನೆಯ ಹಿಂದಿನ ಕೋಣೆಗೆ ಹೋಗುವಾಗ ನನ್ನ ಗಂಡ ದಾರಿಯುದ್ದಕ್ಕೂ ನನ್ನ ಮಷಿನ್ನಿನ ಚೀಲವನ್ನು ತಾನೇ ಹಿಡಿದುಕೊಂಡಿದ್ದ.