ಪಾದ್ರಿಯ ಬಟ್ಟಲಿಗೆ ಕುಂಕುಮ

ಇಂಗ್ಲಿಷರು ಇನ್ನೂ ಇದ್ದ ಕಾಲ. ಪುಣೆಯ ಸದಾಶಿವ ಪೇಠೆಯಲ್ಲಿ ನನ್ನದೊಂದು ಬೆಳ್ಳಿ-ಬಂಗಾರದ ಪತ್ತಾರಿಕೆ ಅಂಗಡಿ. ಒಂದು ಮಧ್ಯಾಹ್ನ ದಂಡಿನವರಿದ್ದ ಲಷ್ಕರ ಪ್ರದೇಶದ ಚರ್ಚಿನಿಂದ ಗೋವೆಯ ಪಾದ್ರಿಯೊಬ್ಬರು ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಬೆಳ್ಳಿ ಬಟ್ಟಲನ್ನು ಬಿಚ್ಚಿಟ್ಟರು. ಪೂಜೆಯಲ್ಲಿ ದ್ರಾಕ್ಷಾರಸ ಹಾಕುವ, ಉದ್ದ ಕಾಲಿನ ಬಟ್ಟಲು. ಒಳಗಿನ ಬಂಗಾರದ ಮುಲಾಮಿನ ಲೇಪ ಸವೆದುಹೋಗಿತ್ತು.

ನನ್ನ ಮರಾಠಿಯ ಧಾಟಿ ಕೇಳಿ ಅವರು ನಕ್ಕರು.

"ಬೆಳಗಾಂವದವ್ರೇನ್ರಿ? ನಾನೂ ಅಲ್ಲಿ ಭಾಳ ವರ್ಷ ಇದ್ದೆ."

ಗಿರಾಕಿಯ ಬಾಯಲ್ಲಿ ಕನ್ನಡ ಕೇಳಿ ನನಗೆ ಎಷ್ಟು ದಿನವಾಗಿತ್ತೋ! ಖುಷಿಯಲ್ಲಿ ಬಟ್ಟಲಿಗೆ ಕೈ ಚಾಚಿದೆ. ಅವರು ತಡೆದರು.

"ಬರಿಗೈಲೆ ಬ್ಯಾಡ್ರಿ. ಇದು ಮಡಿ."

"ಮುಟ್ಟಲಾರ್ದ ಮುಲಾಮು ಹೆಂಗ ಹಾಕ್ಲಿರಿ?"

ಅವರು ಸ್ವಲ್ಪ ಯೋಚಿಸಿದರು. "ಹೊಸಾ ಬಂಗಾರ ಕೂತ ಮ್ಯಾಲೆ ಹೆಂಗೂ ಬಿಷಪ್ರು ಎಣ್ಣಿ ಹಚ್ಚಿ ಮತ್ತ ಮಡಿ ಮಾಡ್ಬೇಕು. ತಗೋರಿ."

ದೇವರ ಸಾಮಾನು ಯಾವುದೇ ಇರಲಿ, ಕುಂಕುಮ ಹಚ್ಚದೆ ಅಂಗಡಿಯಿಂದ ಹೊರಗೆ ಕಳಿಸುವ ರೂಢಿ ನಮ್ಮ ಮನೆತನದಲ್ಲಿಲ್ಲ. ಕೆಲಸ ಮುಗಿದ ದಿನ ಕೈ ತನ್ನಷ್ಟಕ್ಕೆ ತಾನೇ ಹಚ್ಚಿಬಿಟ್ಟಿತ್ತು. ಪಾದ್ರಿ ಬಂದು ಬಟ್ಟಲನ್ನು ಎತ್ತಿ ಹಿಡಿದಾಗಲೇ ನನಗೆ ಕಂಡದ್ದು: ಕೆತ್ತಿದ ಶಿಲುಬೆಯ ಕೆಳಗೇ ಕೆಂಪು ಬೊಟ್ಟು. ಒರೆಸಲು ಅರಿವೆ ತೆಗೆದೆ.

ಅವರು ನನ್ನ ಕೈ ಹಿಡಿದರು.

"ಇರ್ಲಿ ಬಿಡ್ರಿ. ಬಿಷಪ್ರು ಬರೋದು ಮುಂದಿನ ಐತವಾರ. ಅಲ್ಲೀತನಕ ಇದು ಬರೇ ಬಟ್ಲ. ಆವತ್ತ ನಾನೇ ಒರಸ್ತೀನಿ."

ಈಗಲೂ ಲಷ್ಕರದ ಕಡೆ ಹೋದಾಗ ಚರ್ಚಿನ ಗಂಟೆ ಕೇಳಿದರೆ ಒಳಗೊಳಗೇ ನಗುತ್ತೇನೆ. ಆ ಎಂಟು ದಿನ ಆ ಬಟ್ಟಲಿಗೆ ಪೂಜಾರಿ ಅಂತ ಇದ್ದವನು ನಾನೊಬ್ಬನೇ.